ಆರು ವಾರ ಮಲಗಿದ್ದ ಅಮ್ಮ, ಆಕಾಶದಿಂದ ಇಳಿದ ಶುಕ್ಲಾ: ಇಬ್ಬರಿಗೂ ಎದ್ದು ನಿಲ್ಲುವುದು ಯಾಕೆ ಕಷ್ಟ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಮ್ಮಮ್ಮನಿಗೆ 71 ವರ್ಷ. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಆಪರೇಷನ್ ಬೇಕಿಲ್ಲ, ಆದರೆ ಆರು ವಾರ ಮಲಗಿಯೇ ಇರಬೇಕು ಅಂದರು. ಮಲಗಿದ್ದರು. ಮೊನ್ನೆ ಮೊದಲ ಸಲ ಎಬ್ಬಿಸಿ ನಿಲ್ಲಿಸಿದೆವು. ಅರ್ಧ ನಿಮಿಷ ಆಗಿರಲಿಲ್ಲ, ಮುಖ ಬಿಳಿಚಿಕೊಂಡಿತು, ಹಣೆ ಬೆವರಿತು. "ಕಣ್ಣು ಕತ್ತಲೆ ಬರ್ತಿದೆ ಕಣೋ" ಅಂದವರು ನನ್ನ ತೋಳಿನ ಮೇಲೆ ಕುಸಿದರು. ಮಲಗಿಸಿದ ತಕ್ಷಣ ಸರಿಹೋದರು. ಮೂಳೆ ಕೂಡಿದೆ, ಇಸಿಜಿ ಚೆನ್ನಾಗಿದೆ.

ಫಿಸಿಯೋಥೆರಪಿಗೆ ಬರುವ ಹುಡುಗಿ ಒಂದು ಮಾತು ಹೇಳಿದಳು: "ಗಗನಯಾತ್ರಿಗಳಿಗೂ ಹಿಂಗೇ ಆಗುತ್ತೆ ಅಂಕಲ್." ಆಗ ನೆನಪಾಯಿತು. 2025ರ ಜುಲೈ 15ರಂದು ಶುಭಾಂಶು ಶುಕ್ಲಾ ಕ್ಯಾಪ್ಸೂಲಿನಿಂದ ಹೊರಬಂದಾಗ ಪಕ್ಕದಲ್ಲಿದ್ದವರು ಹಿಡಿದುಕೊಂಡಿದ್ದರು. ಅದೇ ವರ್ಷ ಮಾರ್ಚಿನಲ್ಲಿ ಸುನೀತಾ ವಿಲಿಯಮ್ಸ್ 286 ದಿನ ಮೇಲಿದ್ದು ಬಂದಾಗ ಸ್ಟ್ರೆಚರ್ ಮೇಲೆ ಕರೆದೊಯ್ದರು. ಅವರೆಲ್ಲ ಗಟ್ಟಿಮುಟ್ಟಾದ ಜನ. ಅಲ್ಲಿ ದಿನಾ ವ್ಯಾಯಾಮವನ್ನೂ ಮಾಡುತ್ತಾರೆ. ಅವರಿಗೂ ನಮ್ಮಮ್ಮನಿಗೂ ಒಂದೇ ತೊಂದರೆ ಹೇಗೆ ಸಾಧ್ಯ? ಗೊತ್ತಿರುವವರು ಬಿಡಿಸಿ ಹೇಳಿ. ಅಮ್ಮನೇ ಕೇಳುತ್ತಿದ್ದಾರೆ.

ಮೇಷ್ಟ್ರು_ಹಾಸನ
ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು. ಲೆಕ್ಕದಿಂದ ಶುರು ಮಾಡುತ್ತೇನೆ, ಬೇಜಾರು ಮಾಡ್ಕೋಬೇಡಿ.

ಮನೆ ಮೇಲಿನ ಟ್ಯಾಂಕ್ ನೋಡಿ. ಕೆಳಗಿನ ನಲ್ಲಿಯಲ್ಲಿ ನೀರು ರಭಸವಾಗಿ ಬರುತ್ತದೆ, ಮಹಡಿಯ ನಲ್ಲಿಯಲ್ಲಿ ಸಣ್ಣಗೆ. ನೀರಿನ ಭಾರವೇ ಇದಕ್ಕೆ ಕಾರಣ. ನಮ್ಮ ಮೈಯಲ್ಲೂ ಹಾಗೆಯೇ. ಬಿಪಿಯನ್ನು ಪಾದರಸದ ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ರಕ್ತ ಪಾದರಸಕ್ಕಿಂತ ಸುಮಾರು 13 ಪಟ್ಟು ಹಗುರ. ಅಂದರೆ 13 ಸೆಂಟಿಮೀಟರ್ ಎತ್ತರದ ರಕ್ತದ ಕಂಬದ ಭಾರ 10 ಮಿಲಿಮೀಟರ್ ಪಾದರಸಕ್ಕೆ ಸಮ. ಹೃದಯದಿಂದ ಪಾದಕ್ಕೆ ಸುಮಾರು 130 ಸೆಂಟಿಮೀಟರ್. ಹೃದಯದ ಹತ್ತಿರ ಸರಾಸರಿ ಒತ್ತಡ 100 ಇದ್ದರೆ, ನಿಂತವನ ಪಾದದಲ್ಲಿ ಅದು ಹೆಚ್ಚುಕಡಿಮೆ 200. ತಲೆಯಲ್ಲಿ ಬರೀ 70.

ಈಗ ಮಲಗಿ. ತಲೆ, ಎದೆ, ಪಾದ ಎಲ್ಲ ಒಂದೇ ಮಟ್ಟ. ಎಲ್ಲ ಕಡೆ ಸುಮಾರು 100. ತೂಕವೇ ಇಲ್ಲದೆ ತೇಲುವವನ ಮೈಯಲ್ಲೂ ಎಲ್ಲ ಕಡೆ ಸುಮಾರು 100. ನಿಮ್ಮಮ್ಮನ ಹಾಸಿಗೆಗೂ ಅಂತರಿಕ್ಷಕ್ಕೂ ಇರುವ ನಂಟು ಇದು. ಎರಡೂ ಕಡೆ ರಕ್ತಕ್ಕೆ ಮೇಲು ಕೆಳಗು ಇಲ್ಲ.

ಹೊಸಬ_23
ಅಷ್ಟು ಎತ್ತರದಲ್ಲಿ ಗುರುತ್ವಾಕರ್ಷಣೆ ಇರಲ್ಲ ಅಲ್ವಾ ಸರ್, ಅದಕ್ಕೇ ತಾನೇ ತೇಲೋದು?

ಮೇಷ್ಟ್ರು_ಹಾಸನ
ಇರುತ್ತೆ ಮಗು. ಗಗನಯಾತ್ರಿಗಳು ಇರುವ ಅಂತರಿಕ್ಷ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿದೆ. ಅಲ್ಲಿ ಗುರುತ್ವ ನೆಲದ ಮೇಲಿನದರ ಸುಮಾರು ನೂರಕ್ಕೆ 90ರಷ್ಟು. ಆದರೆ ನಿಲ್ದಾಣವೂ ಒಳಗಿನ ಮನುಷ್ಯನೂ ಅವನ ರಕ್ತವೂ ಜೊತೆಜೊತೆಗೇ ಭೂಮಿಯ ಸುತ್ತ ಬೀಳುತ್ತಲೇ ಇವೆ. ಹಗ್ಗ ಹರಿದ ಲಿಫ್ಟಿನಲ್ಲಿ ಕಾಲಿನ ಕೆಳಗೆ ನೆಲ ಒತ್ತುವುದಿಲ್ಲ. ಹಾಗೆ ಅದು.

ರಾತ್ರಿಪಾಳಿ_ಡಾಕ್ಟರ್
ಮೇಷ್ಟ್ರು ತಳಪಾಯ ಹಾಕಿದ್ದಾರೆ. ನಾನು ಹೃದ್ರೋಗ ವಿಭಾಗದಲ್ಲಿ ಕಲಿಯುತ್ತಿರುವವನು. ಮುಂದಿನದು ನನಗೆ ತುಂಬ ಇಷ್ಟದ ವಿಷಯ, ಸ್ವಲ್ಪ ಉದ್ದ ಆಗುತ್ತದೆ.

ರಕ್ತಕ್ಕೆ ಭಾರ ಇಲ್ಲವಾದ ಕೂಡಲೇ ಕಾಲಿನಲ್ಲಿದ್ದ ರಕ್ತ, ನೀರು ಎದೆಗೆ, ತಲೆಗೆ ಸರಿಯುತ್ತದೆ. ಲೆಕ್ಕ ಹಾಕಿದರೆ ಸುಮಾರು ಎರಡು ಲೀಟರ್. ಫೋಟೋಗಳನ್ನು ನೋಡಿ: ಮುಖ ಊದಿಕೊಂಡು ದುಂಡಗೆ, ಕಾಲು ಸೊರಗಿ ಸಣ್ಣಗೆ. ಮೂಗು ಕಟ್ಟಿದ ಹಾಗಿರುತ್ತದೆ.

ಎದೆಗೆ ಇಷ್ಟು ರಕ್ತ ಬಂದರೆ ಹೃದಯದ ಬಾಗಿಲಲ್ಲಿ ಒತ್ತಡ ಏರಲೇಬೇಕು ಅಂತ ಎಲ್ಲರೂ ನಂಬಿದ್ದರು. ಅಳೆದು ನೋಡಬೇಕಿತ್ತು. 1991ರ ಜೂನಿನಲ್ಲಿ ಕೊಲಂಬಿಯಾ ನೌಕೆಯಲ್ಲಿ ಡ್ರೂ ಗ್ಯಾಫ್ನಿ ಎಂಬವರು ಹೋದರು. ಅವರೇ ಹೃದಯದ ಡಾಕ್ಟರ್. ನೆಲದ ಮೇಲೆಯೇ ತಮ್ಮ ತೋಳಿನ ರಕ್ತನಾಳದಿಂದ ಹೃದಯದ ಹತ್ತಿರದವರೆಗೆ ಒಂದು ಸಣ್ಣ ನಳಿಕೆ ತೂರಿಸಿಕೊಂಡು, ಅದರೊಂದಿಗೇ ಉಡಾವಣೆಗೆ ಕೂತರು. ಆ ಧೈರ್ಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಮೇಲೆ ಹೋದಾಗ ಒತ್ತಡ ಏರಲಿಲ್ಲ, ಇಳಿಯಿತು! ಆದರೆ ಹೃದಯ ಮಾತ್ರ ಮುಂಚಿಗಿಂತ ಹೆಚ್ಚು ತುಂಬಿಕೊಂಡಿತ್ತು. ಮೈಯ ಭಾರ ಇಲ್ಲದೆ ಎದೆಗೂಡು ಹಿಗ್ಗುತ್ತದೆ, ಹೃದಯದ ಹೊರಗಿನ ಒತ್ತಡ ಇನ್ನೂ ಜಾಸ್ತಿ ಇಳಿಯುತ್ತದೆ, ಅದಕ್ಕೇ ಹೃದಯ ಸಲೀಸಾಗಿ ಹಿಗ್ಗುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ.

ಕೆಲವೇ ದಿನದಲ್ಲಿ ಮೈ ಲೆಕ್ಕ ಸರಿಮಾಡಿಕೊಳ್ಳುತ್ತದೆ. ರಕ್ತದ ನೀರಿನ ಭಾಗ, ಅಂದರೆ ಪ್ಲಾಸ್ಮಾ, ನೂರಕ್ಕೆ 10ರಿಂದ 15ರಷ್ಟು ಕಡಿಮೆಯಾಗುತ್ತದೆ. ಮೂತ್ರ ಜಾಸ್ತಿ ಹೋಗಿ ಹೀಗಾಗುತ್ತದೆ ಎಂದು ಹಳೆಯ ಪುಸ್ತಕಗಳಲ್ಲಿದೆ. ಹಾರಾಟದಲ್ಲಿ ಅಳೆದಾಗ ಹಾಗೆ ಕಾಣಲಿಲ್ಲ. ಬಾಯಾರಿಕೆ ಕಡಿಮೆ, ಕುಡಿಯುವುದು ಕಡಿಮೆ, ನೀರು ರಕ್ತನಾಳದಿಂದ ಸುತ್ತಲಿನ ಜೀವಕೋಶಗಳಿಗೆ ಸರಿಯುವುದು ಜಾಸ್ತಿ.

ಮೇಲೆ ಇರುವಷ್ಟು ದಿನ ಅಷ್ಟೇ ರಕ್ತ ಸಾಕು, ಯಾವ ತೊಂದರೆಯೂ ಇಲ್ಲ. ತೊಂದರೆ ಶುರುವಾಗುವುದು ನೆಲ ಮುಟ್ಟಿದಾಗ. ಇರುವ ಕಡಿಮೆ ರಕ್ತವೂ ಕಾಲಿಗೆ ಇಳಿಯುತ್ತದೆ. ನಮ್ಮ ಕುತ್ತಿಗೆಯ ರಕ್ತನಾಳದಲ್ಲಿ ಒತ್ತಡ ಗಮನಿಸುವ ನರತಂತುಗಳಿವೆ. ನೀವು ಎದ್ದ ಕ್ಷಣ ಅವು ಸುದ್ದಿ ಕಳಿಸುತ್ತವೆ: ಹೃದಯವೇ ಬೇಗ ಬಡಿ, ಕಾಲಿನ ನಾಳಗಳೇ ಬಿಗಿಯಾಗಿ. ದಿನಕ್ಕೆ ಎಷ್ಟೋ ಸಲ ಇದು ನಮಗೆ ಗೊತ್ತೇ ಆಗದ ಹಾಗೆ ನಡೆಯುತ್ತದೆ. ವಾರಗಟ್ಟಲೆ ಕೆಲಸ ಇಲ್ಲದಿದ್ದರೆ ಆ ಅಭ್ಯಾಸ ಮಂಕಾಗುತ್ತದೆ. ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ನಿಮ್ಮಮ್ಮನಿಗೆ ಆಗಿದ್ದೂ ಬಹುಶಃ ಇದೇ ಇರಬೇಕು. ಆದರೂ ನೋಡುತ್ತಿರುವ ಡಾಕ್ಟರಿಗೆ ತಪ್ಪದೆ ತಿಳಿಸಿ. ಬಿಪಿ ಮಾತ್ರೆ ಇದ್ದರೆ ಅದರ ಪ್ರಮಾಣವನ್ನೂ ನೋಡಬೇಕಾಗುತ್ತದೆ.

ತುಂಗಾತೀರ
ಬಿಪಿ ಮಾತ್ರೆ ಇದೆ ಡಾಕ್ಟ್ರೇ. ಈಗಲೇ ಫೋನ್ ಮಾಡುತ್ತೇನೆ.

ಕಾವೇರಿ_ಕೂಸು
ಹಾಗಾದರೆ ತೂಕವಿಲ್ಲದ ಕಡೆ ಹೃದಯಕ್ಕೆ ರಜೆ ಸಿಕ್ಕ ಹಾಗೆ ಅಲ್ವಾ? ನಮ್ಮಪ್ಪನಿಗೂ ಬಿಪಿ ಜಾಸ್ತಿ. ಇಂಥ ವಿಶ್ರಾಂತಿ ಒಳ್ಳೆಯದೇ ಅಲ್ಲವೇ?

ರಾತ್ರಿಪಾಳಿ_ಡಾಕ್ಟರ್
ಒಳ್ಳೆಯ ಪ್ರಶ್ನೆ. ಬಿಪಿ ಇಳಿಯುವುದು ನಿಜ. ನಿಲ್ದಾಣದಲ್ಲಿ ತಿಂಗಳುಗಟ್ಟಲೆ ಇದ್ದ ಎಂಟು ಗಗನಯಾತ್ರಿಗಳಿಗೆ ದಿನವಿಡೀ ಬಿಪಿ ಅಳೆಯುವ ಪಟ್ಟಿ ಕಟ್ಟಿ ನೋಡಿದ್ದಾರೆ, 2015ರಲ್ಲಿ ಪ್ರಕಟವಾಯಿತು. ಒತ್ತಡ ಸುಮಾರು 10 ಮಿಲಿಮೀಟರ್ ಇಳಿದಿತ್ತು. ಆದರೆ ಹೃದಯ ನಿಮಿಷಕ್ಕೆ ತಳ್ಳುವ ರಕ್ತ ನೂರಕ್ಕೆ 41ರಷ್ಟು ಏರಿತ್ತು! ನಾಳಗಳೆಲ್ಲ ಸಡಿಲವಾಗಿ ಹಿಗ್ಗಿದ್ದರಿಂದ ಎರಡೂ ಒಟ್ಟಿಗೆ ಸಾಧ್ಯವಾಯಿತು. ಹಾಗಾಗಿ "ರಜೆ" ಅನ್ನುವ ಮಾತು ಪೂರ್ತಿ ಸರಿಯಲ್ಲ. ರಕ್ತ ಜಾಸ್ತಿ ಹರಿಯುತ್ತದೆ, ಎದುರಿಸಬೇಕಾದ ಭಾರ ಕಡಿಮೆ.

ಹೃದಯದ ಆಕಾರವೂ ಬದಲಾಗುತ್ತದೆ. ಹನ್ನೆರಡು ಗಗನಯಾತ್ರಿಗಳು ತಾವೇ ಅಲ್ಟ್ರಾಸೌಂಡ್ ಹಿಡಿದು ತಮ್ಮ ಹೃದಯದ ಚಿತ್ರ ತೆಗೆದರು. ಹೃದಯ ನೂರಕ್ಕೆ 9.4ರಷ್ಟು ಹೆಚ್ಚು ದುಂಡಗಾಗಿತ್ತು. ನೆಲಕ್ಕೆ ಬಂದ ಮೇಲೆ ಮತ್ತೆ ಮೊದಲಿನ ಆಕಾರಕ್ಕೆ ಮರಳಿತು.

ಒಳ್ಳೆಯದೇ ಅಂತ ಕೇಳಿದ್ದಿರಿ. ಆರು ತಿಂಗಳು ಇದ್ದು ಬಂದವರ ಕುತ್ತಿಗೆಯ ದೊಡ್ಡ ರಕ್ತನಾಳ ಗಡುಸಾಗಿದ್ದು ಕಂಡಿದೆ. ಹತ್ತಿಪ್ಪತ್ತು ವರ್ಷ ವಯಸ್ಸಾದರೆ ಎಷ್ಟು ಗಡುಸಾಗುತ್ತದೋ ಅಷ್ಟು. ಬಿಪಿ ಇಳಿದಿದೆ ಅಂತ ಸಂತೋಷ ಪಡುವ ಹಾಗಿಲ್ಲ.

ಈಜುಗಾರ್ತಿ_ಮಂಗಳೂರು
ಇದರ ಜೊತೆಗೆ ಒಂದು ಸೇರಿಸಲೇಬೇಕು. ಬೆನ್ವಾ ಲೆಕೋಂಟ್ ಎಂಬವರು 2018ರಲ್ಲಿ ಜಪಾನಿನಿಂದ ಹೊರಟು ಪೆಸಿಫಿಕ್ ಸಾಗರದಲ್ಲಿ ಈಜಿದರು. 159 ದಿನ, 2,800 ಕಿಲೋಮೀಟರಿಗೂ ಜಾಸ್ತಿ. ದಿನಕ್ಕೆ ಸರಾಸರಿ ಆರು ಗಂಟೆ ಹತ್ತಿರ. ಇಷ್ಟು ಈಜಿದವರ ಹೃದಯ ಉಬ್ಬಿ ಬಲಿತಿರುತ್ತದೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಅಳೆದರೆ ಹೃದಯದ ಎಡಗಡೆಯ ಕೆಳಕೋಣೆಯ ಮಾಂಸ ಕರಗಿತ್ತು! ಅದೇ ಅಧ್ಯಯನದಲ್ಲಿ ನಿಲ್ದಾಣದಲ್ಲಿ 340 ದಿನ ಇದ್ದ ಸ್ಕಾಟ್ ಕೆಲ್ಲಿ ಅವರ ಹೃದಯವೂ ಇತ್ತು. ಇಬ್ಬರದ್ದೂ ವಾರಕ್ಕೆ ಮುಕ್ಕಾಲು ಗ್ರಾಂ ಲೆಕ್ಕದಲ್ಲಿ ಕರಗಿತ್ತು. ಕೆಲ್ಲಿ ಅವರದ್ದು ಸುಮಾರು 190 ಗ್ರಾಮಿನಿಂದ 139ಕ್ಕೆ ಇಳಿದಿತ್ತು. ಅವರು ವಾರಕ್ಕೆ ಆರು ದಿನ ವ್ಯಾಯಾಮ ಮಾಡುತ್ತಿದ್ದವರು.

ನೀರಿನಲ್ಲಿ ಅಡ್ಡ ಮಲಗಿ ತೇಲುವಾಗಲೂ ರಕ್ತಕ್ಕೆ ಮೇಲು ಕೆಳಗು ಇಲ್ಲ. ಮೇಷ್ಟ್ರು ಹೇಳಿದ್ದು ಓದಿದಾಗ ನನಗೆ ಇದೇ ನೆನಪಾಯಿತು. ನಾನು ದಿನಾ ಒಂದು ಗಂಟೆ ಈಜುತ್ತೇನೆ. ನನಗೂ ಭಯವಾಗಿತ್ತು.

ರಾತ್ರಿಪಾಳಿ_ಡಾಕ್ಟರ್
ಭಯ ಬೇಡ ಅಕ್ಕ. ನೀವು ಉಳಿದ ಹೊತ್ತು ನಿಂತು, ನಡೆದು ಓಡಾಡುತ್ತೀರಿ. ಅವರು ಆರು ಗಂಟೆ ನೀರಿನಲ್ಲಿ ಅಡ್ಡ, ಆಮೇಲೆ ದೋಣಿಯಲ್ಲಿ ಎಂಟು ಗಂಟೆ ನಿದ್ದೆ. ದಿನದ ಬಹುಪಾಲು ಮಲಗಿದ್ದೇ ಆಯಿತು. ಅವರ ಈಜು ವೇಗದ್ದೂ ಅಲ್ಲ, ನಿಧಾನದ್ದು.

ಇನ್ನೊಂದು ಮಾತು. ಎಲ್ಲರ ಹೃದಯವೂ ಹೀಗೆ ಕರಗುವುದಿಲ್ಲ. ಅದೇ ತಂಡ ಆಮೇಲೆ ಹದಿಮೂರು ಗಗನಯಾತ್ರಿಗಳನ್ನು ನೋಡಿತು. ಭೂಮಿಯಲ್ಲಿ ತುಂಬ ಕಸರತ್ತು ಮಾಡುತ್ತಿದ್ದವರು ಮೇಲೆ ಕಳೆದುಕೊಂಡರು. ಭೂಮಿಯಲ್ಲಿ ಅಷ್ಟಕ್ಕಷ್ಟೇ ಇದ್ದವರು ಮೇಲಿನ ಕಡ್ಡಾಯ ವ್ಯಾಯಾಮದಿಂದ ಗಳಿಸಿಕೊಂಡರು. ಹೃದಯ ತನಗೆ ಸಿಕ್ಕ ಕೆಲಸಕ್ಕೆ ತಕ್ಕಷ್ಟೇ ಮಾಂಸ ಇಟ್ಟುಕೊಳ್ಳುತ್ತದೆ.

ನಿವೃತ್ತ_ಏರ್‌ಮನ್
ವಾಯುಪಡೆಯಲ್ಲಿದ್ದವನು, ಈಗ ಬೆಂಗಳೂರು. ಯುದ್ಧವಿಮಾನದ ಪೈಲಟ್‌ಗಳು ಹಾಕುವ ಜಿ-ಸೂಟ್ ನಮಗೆಲ್ಲ ಪರಿಚಿತ. ವಿಮಾನ ಜೋರಾಗಿ ತಿರುಗಿದಾಗ ಅದರಲ್ಲಿ ಗಾಳಿ ತುಂಬಿ ಕಾಲು, ಹೊಟ್ಟೆ ಹಿಂಡುತ್ತದೆ. ರಕ್ತ ಕೆಳಗೆ ಓಡದಂತೆ ತಡೆಯುತ್ತದೆ. ರಷ್ಯನ್ನರ ಹತ್ತಿರ ಇದರ ಉಲ್ಟಾ ಒಂದಿದೆ, ಚಿಬಿಸ್ ಅಂತ. ಸೊಂಟದವರೆಗಿನ ಮುಚ್ಚಿದ ಪ್ಯಾಂಟಿನಂಥದ್ದು. ಅದರೊಳಗಿನ ಗಾಳಿ ಹೀರಿ ತೆಗೆದು ರಕ್ತವನ್ನು ಬೇಕಂತಲೇ ಕಾಲಿಗೆ ಎಳೆಯುತ್ತಾರೆ. ವಾಪಸ್ ಬರುವ ದಿನ ಹತ್ತಿರ ಬಂದಾಗ ಹೃದಯಕ್ಕೆ ಮತ್ತೆ ನಿಲ್ಲುವ ಅಭ್ಯಾಸ ಮಾಡಿಸುವುದು.

ಈ ಬುದ್ಧಿ ಬಂದಿದ್ದು ಪೆಟ್ಟು ತಿಂದ ಮೇಲೆ. 1970ರ ಜೂನಿನಲ್ಲಿ ಸೋಯುಜ್ 9ರಲ್ಲಿ ನಿಕೊಲಾಯೆವ್, ಸೆವಸ್ತ್ಯಾನೊವ್ ಇಬ್ಬರೂ ಇಕ್ಕಟ್ಟಾದ ನೌಕೆಯಲ್ಲಿ 18 ದಿನ ಸುತ್ತಿ ಬಂದರು. ಬಂದವರಿಗೆ ತಾವಾಗಿ ನಡೆಯಲು ಆಗಲಿಲ್ಲ. ಆಮೇಲೆಯೇ ವ್ಯಾಯಾಮಕ್ಕೆ ಅಷ್ಟು ಮಹತ್ವ ಬಂತು. ಈಗ ನಿಲ್ದಾಣದಲ್ಲಿ ದಿನಕ್ಕೆ ಎರಡು, ಎರಡೂವರೆ ಗಂಟೆ. ಟ್ರೆಡ್‌ಮಿಲ್ ಮೇಲೆ ತೇಲಿ ಹೋಗದ ಹಾಗೆ ಭುಜಕ್ಕೂ ಸೊಂಟಕ್ಕೂ ಪಟ್ಟಿ ಕಟ್ಟಿಕೊಂಡು ಓಡುತ್ತಾರೆ.

ನಮ್ಮ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಹೋದಾಗ ಸಲ್ಯೂಟ್ 7 ಎಂಬ ಸೋವಿಯತ್ ಅಂತರಿಕ್ಷ ನಿಲ್ದಾಣದಲ್ಲಿ ಆಗಲೇ ಮೂವರಿದ್ದರು. ಅವರಲ್ಲಿ ಒಲೆಗ್ ಅಟ್ಕೊವ್ ಹೃದಯದ ಡಾಕ್ಟರ್. ಒಟ್ಟು 237 ದಿನ ಅಲ್ಲಿದ್ದು ತಮ್ಮನ್ನೂ ಜೊತೆಗಾರರನ್ನೂ ಪರೀಕ್ಷೆ ಮಾಡುತ್ತಲೇ ಇದ್ದರು. ಶರ್ಮಾ ಅಲ್ಲಿ ಯೋಗ ಮಾಡಿ ತೋರಿಸಿದರು. ಎಲ್ಲರಿಗೂ "ಸಾರೇ ಜಹಾಂ ಸೆ ಅಚ್ಛಾ" ನೆನಪಿರುತ್ತದೆ, ಆ ಯೋಗದ ಪ್ರಯೋಗ ಯಾರಿಗೂ ನೆನಪಿಲ್ಲ. ನನಗೆ ಅದು ನೋವಿನ ಸಂಗತಿ. ಈಗ ಗಗನಯಾನದ ನಮ್ಮ ಹುಡುಗರನ್ನು ಪರೀಕ್ಷೆ ಮಾಡಿ ಆರಿಸಿದ್ದು ಬೆಂಗಳೂರಿನ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ. ಮನುಷ್ಯರನ್ನು ಕೂರಿಸಿ ಗರಗರ ತಿರುಗಿಸುವ ದೊಡ್ಡ ಯಂತ್ರ ಅಲ್ಲಿದೆ. ಈ ಊರಿನಲ್ಲಿ ಎಷ್ಟು ಜನಕ್ಕೆ ಅದು ಗೊತ್ತು?

ಒಗ್ಗರಣೆ_ಡಬ್ಬಿ
ಚಂದ್ರನಿಗೆ ಹೋದವರೆಲ್ಲ ಹಾರ್ಟ್ ಅಟ್ಯಾಕಿನಿಂದ ಸತ್ತರು ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜನಾ?

ರಾತ್ರಿಪಾಳಿ_ಡಾಕ್ಟರ್
ಎಲ್ಲರೂ ಅಲ್ಲ. 2016ರ ಒಂದು ವರದಿಯಿಂದ ಈ ಮಾತು ಹಬ್ಬಿತು. ಚಂದ್ರನತ್ತ ಹೋಗಿ ಬಂದು ಆಮೇಲೆ ತೀರಿಕೊಂಡಿದ್ದ ಏಳು ಜನರಲ್ಲಿ ಮೂವರದ್ದು ಹೃದಯ, ರಕ್ತನಾಳದ ಕಾಯಿಲೆ. ಅದನ್ನೇ "ನೂರಕ್ಕೆ 43" ಎಂದು ಬರೆದರು. ಏಳು ಜನರ ಮೇಲೆ ಶೇಕಡಾ ಲೆಕ್ಕ ಕಟ್ಟುವುದು ಸರಿಯಲ್ಲ. ಒಬ್ಬರು ಆಚೀಚೆ ಆದರೂ ಅಂಕಿ ತಲೆಕೆಳಗಾಗುತ್ತದೆ. ಆಗಲೇ ಬೇರೆ ವಿಜ್ಞಾನಿಗಳು ಇದನ್ನು ಆಕ್ಷೇಪಿಸಿದರು. ವಿಕಿರಣದಿಂದ ರಕ್ತನಾಳಕ್ಕೆ ಹಾನಿ ಆಗಬಹುದು ಎಂಬ ಚಿಂತೆ ನಿಜವಾದದ್ದೇ. ಆದರೆ ಆ ಏಳು ಜನರಿಂದ ಅದು ಸಾಬೀತಾಗುವುದಿಲ್ಲ.

ನಿಜವಾಗಿ ನಡೆದದ್ದು ಜೇಮ್ಸ್ ಇರ್ವಿನ್ ಅವರ ಕಥೆ. 1971ರ ಅಪೊಲೊ 15. ಚಂದ್ರನ ಮೇಲೆ ದಿನಗಟ್ಟಲೆ ದುಡಿದು ಬಸವಳಿದಿದ್ದರು. ವಾಪಸ್ ಹೊರಟಾಗ ಅವರ ಹೃದಯ ಬಡಿತದ ಲಯ ತಪ್ಪಿದ್ದನ್ನು ನೆಲದ ಮೇಲಿನ ಡಾಕ್ಟರುಗಳು ಪರದೆಯಲ್ಲಿ ಕಂಡರು. ಸುಸ್ತು, ಮೈಯಲ್ಲಿ ಪೊಟ್ಯಾಸಿಯಂ ಕಡಿಮೆ ಆದದ್ದು ಕಾರಣ ಎಂದರು. ಮುಂದಿನ ಅಪೊಲೊ 16ರವರಿಗೆ ಪೊಟ್ಯಾಸಿಯಂ ಬೆರೆಸಿದ ಕಿತ್ತಳೆ ಜ್ಯೂಸ್ ಕುಡಿಸಿ ಕುಡಿಸಿ ಇಟ್ಟರು. ಆದರೆ ಇರ್ವಿನ್ ಅವರಿಗೆ 1973ರಲ್ಲಿ ಹೃದಯಾಘಾತ ಆಯಿತು. 1991ರಲ್ಲಿ ಮತ್ತೊಂದು ಆಘಾತಕ್ಕೆ ತೀರಿಕೊಂಡರು. ಹೋಗುವ ಮುಂಚೆಯೇ ಹೃದಯದ ನಾಳದಲ್ಲಿ ಕಾಯಿಲೆ ಇದ್ದಿರಬಹುದು, ಅಂದಿನ ಪರೀಕ್ಷೆಗೆ ಸಿಕ್ಕಿರಲಿಲ್ಲ. ಇಂದು ಆಯ್ಕೆಯ ಹೊತ್ತಿಗೇ ಇಷ್ಟು ಜರಡಿ ಹಿಡಿಯುವುದು ಇಂಥ ಅನುಭವಗಳಿಂದಲೇ.

ರಕ್ತನಿಧಿ_ಲ್ಯಾಬ್
ನೀವೆಲ್ಲ ಪಂಪಿನ ಬಗ್ಗೆ ಮಾತಾಡಿದಿರಿ. ಒಳಗೆ ಹರಿಯುವ ರಕ್ತದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮೈಯಲ್ಲಿ ಪ್ರತಿ ಸೆಕೆಂಡಿಗೆ 20 ಲಕ್ಷ ಕೆಂಪು ರಕ್ತಕಣ ಸಾಯುತ್ತವೆ, ಅಷ್ಟೇ ಹುಟ್ಟುತ್ತವೆ. ಅಂತರಿಕ್ಷದಲ್ಲಿ ಸೆಕೆಂಡಿಗೆ 30 ಲಕ್ಷ ಸಾಯುತ್ತವೆ. ಕೆನಡಾದ ಒಟ್ಟಾವಾದವರು 14 ಗಗನಯಾತ್ರಿಗಳಲ್ಲಿ ಲೆಕ್ಕ ಹಾಕಿ 2022ರಲ್ಲಿ ಹೇಳಿದರು. ನೂರಕ್ಕೆ 54 ಜಾಸ್ತಿ.

ಲೆಕ್ಕ ಹಾಕಿದ ರೀತಿ ಎಷ್ಟು ಚೆಂದ ನೋಡಿ. ರಕ್ತಕಣ ಒಡೆದಾಗ ಅದರೊಳಗಿನ ಕೆಂಪು ಬಣ್ಣದ ಒಂದೊಂದು ಅಣುವಿಗೂ ಒಂದು ಕಾರ್ಬನ್ ಮಾನಾಕ್ಸೈಡ್ ಅಣು ಹುಟ್ಟುತ್ತದೆ, ಉಸಿರಿನಲ್ಲಿ ಹೊರಬರುತ್ತದೆ. ಅವರು ಉಸಿರನ್ನು ಹಿಡಿದಿಟ್ಟು ಅದನ್ನೇ ಎಣಿಸಿದರು. ಸೂಜಿ ಚುಚ್ಚದೆ! ಇಪ್ಪತ್ತು ವರ್ಷದಿಂದ ಲ್ಯಾಬಿನಲ್ಲಿರುವ ನನಗೆ ಇದು ಓದಿ ರೋಮಾಂಚನ ಆಗಿತ್ತು. ನೆಲಕ್ಕೆ ಬಂದು ವರ್ಷ ಆದ ಮೇಲೂ ಸಾಯುವ ಲೆಕ್ಕ ಮುಂಚಿಗಿಂತ ನೂರಕ್ಕೆ 30 ಜಾಸ್ತಿಯೇ ಇತ್ತು.

ತುಂಗಾತೀರ ಅವರೇ, ಅಮ್ಮನ ಹಿಮೋಗ್ಲೋಬಿನ್ ಒಮ್ಮೆ ಮಾಡಿಸಿ.

ಕಾವೇರಿ_ಕೂಸು
ನಮ್ಮತ್ತೆಗೆ ತುಂಬ ದಿನ ಮಲಗಿದ್ದಾಗ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅಲ್ಲಿಯೂ ಹಾಗೆ ಆಗುತ್ತದೆಯೇ?

ರಾತ್ರಿಪಾಳಿ_ಡಾಕ್ಟರ್
ಆಗಿದೆ. ಆದರೆ ಕಾಲಿನಲ್ಲಿ ಅಲ್ಲ, ಕುತ್ತಿಗೆಯಲ್ಲಿ. ತಲೆಯಿಂದ ರಕ್ತ ಕೆಳಗೆ ಇಳಿಸುವ ಜುಗುಲರ್ ಎಂಬ ನಾಳ ಇದೆ. ನಾವು ನಿಂತಿರುವಾಗ ಗುರುತ್ವವೇ ರಕ್ತವನ್ನು ಇಳಿಸುತ್ತದೆ. ಅಲ್ಲಿ ಇಳಿಯಲು "ಕೆಳಗೆ" ಅನ್ನುವುದೇ ಇಲ್ಲ. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 11 ಜನರಲ್ಲಿ ಆರು ಮಂದಿಗೆ ಎಡ ಜುಗುಲರಿನಲ್ಲಿ ರಕ್ತ ನಿಂತೇ ಬಿಟ್ಟಿತ್ತು, ಇಲ್ಲವೇ ಹಿಂದಕ್ಕೆ ಹರಿಯುತ್ತಿತ್ತು. ಒಬ್ಬರಲ್ಲಿ ಹೆಪ್ಪು ಸಿಕ್ಕಿತು. ಹೋಗಿ ಎರಡು ತಿಂಗಳಾಗಿತ್ತು. ಅವರಿಗೆ ನೋವಿಲ್ಲ, ಏನೂ ಇಲ್ಲ. ಅಧ್ಯಯನಕ್ಕೆಂದು ಸ್ಕ್ಯಾನ್ ಮಾಡಿದಾಗ ಕಂಡದ್ದು.

ನೆಲದ ಮೇಲಿಂದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ರಕ್ತತಜ್ಞ ಸ್ಟೀಫನ್ ಮೋಲ್ ಚಿಕಿತ್ಸೆಗೆ ಸಲಹೆ ಕೊಟ್ಟರು. ನಿಲ್ದಾಣದ ಔಷಧಿ ಪೆಟ್ಟಿಗೆಯಲ್ಲಿ ಹೆಪ್ಪು ತಡೆಯುವ ಇಂಜೆಕ್ಷನ್ ಸ್ವಲ್ಪ ಇತ್ತು. ಸರಕು ನೌಕೆಯಲ್ಲಿ ಮಾತ್ರೆ ಬರುವವರೆಗೆ ಅದನ್ನೇ ಜೋಪಾನವಾಗಿ ಹೊಂದಿಸಿಕೊಂಡರು. ತೂಕವಿಲ್ಲದ ಕಡೆ ಸೀಸೆಯಿಂದ ಸಿರಿಂಜಿಗೆ ಔಷಧಿ ಎಳೆಯುವುದೇ ಒಂದು ಸಾಹಸ, ದ್ರವ ತಳದಲ್ಲಿ ನಿಲ್ಲುವುದಿಲ್ಲ. ಆ ಗಗನಯಾತ್ರಿ ಕ್ಷೇಮವಾಗಿ ಮರಳಿದರು.

ಡಲ್ಲಾಸ್_ಮೈಸೂರಿಗ
ಹಾಸಿಗೆ ವಿಷಯಕ್ಕೆ ವಾಪಸ್ ಬರೋಣ. ನಾನಿರುವ ಅಮೆರಿಕದ ಡಲ್ಲಾಸ್ ಊರಿನಲ್ಲೇ 1966ರಲ್ಲಿ ಇಪ್ಪತ್ತು ವರ್ಷದ ಆಸುಪಾಸಿನ ಐವರು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ದುಡಿಯುವಾಗ ಮೈ ಆಮ್ಲಜನಕ ಬಳಸುವ ತಾಕತ್ತು ನೂರಕ್ಕೆ 27ರಷ್ಟು ಕುಸಿಯಿತು. ಮೂವತ್ತು ವರ್ಷದ ನಂತರ ಅದೇ ಐವರನ್ನು ಹುಡುಕಿ ಕರೆತಂದು ಪರೀಕ್ಷಿಸಿದರು. ಮೂವತ್ತು ವರ್ಷದ ವಯಸ್ಸು ಅವರಿಂದ ಕಸಿದುಕೊಂಡಿದ್ದಕ್ಕಿಂತ ಆ ಮೂರು ವಾರದ ಹಾಸಿಗೆ ಕಸಿದದ್ದೇ ಜಾಸ್ತಿ! ನನಗೆ ಇದನ್ನು ಮೊದಲು ಓದಿದಾಗ ನಂಬಲಾಗಲಿಲ್ಲ.

ಇಂದಿಗೂ ಜರ್ಮನಿಯ ಕಲೋನ್, ಫ್ರಾನ್ಸಿನ ಟುಲೂಸ್‌ಗಳಲ್ಲಿ ಜನರನ್ನು ತಲೆ ಕಡೆ 6 ಡಿಗ್ರಿ ತಗ್ಗಿಸಿದ ಮಂಚದ ಮೇಲೆ ಎರಡು ತಿಂಗಳು ಮಲಗಿಸಿ ಅಂತರಿಕ್ಷದ ಪರಿಣಾಮ ಕಲಿಯುತ್ತಾರೆ. ಊಟ, ಸ್ನಾನ ಎಲ್ಲ ಹಾಗೆಯೇ ಮಲಗಿಯೇ.

ವಾರ್ಡ್_ಸಿಸ್ಟರ್
ಎಲ್ಲ ಓದಿದೆ. ನಮ್ಮ ವಾರ್ಡಿನಲ್ಲಿ ನಾವು ದಿನಾ ಮಾಡುವುದನ್ನು ಹೇಳುತ್ತೇನೆ ಅಣ್ಣ. ಮಲಗಿದವರನ್ನು ಒಂದೇ ಸಲ ನಿಲ್ಲಿಸಬಾರದು. ಮೊದಲು ದಿಂಬು ಏರಿಸಿ ಒರಗಿಸಿ ಕೂರಿಸಿ. ಅದು ಒಗ್ಗಿದ ಮೇಲೆ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿಸಿ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಲಿ. ಮೀನಖಂಡ ಬಿಗಿದಾಗ ಕಾಲಿನ ರಕ್ತ ಮೇಲೆ ಹೋಗುತ್ತದೆ. ಮಲಗಿದಾಗ ಒಮ್ಮೆ, ಕೂತಾಗ ಒಮ್ಮೆ ಬಿಪಿ ನೋಡಿ ಬರೆದಿಡಿ. ನೀರು ಎಷ್ಟು ಕುಡಿಯುತ್ತಾರೆ? ಪದೇಪದೇ ಬೆಡ್‌ಪ್ಯಾನ್ ಬೇಡ ಅಂತ ತುಂಬ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಅವರು ಹೇಳುವುದಿಲ್ಲ, ನಾವೇ ಕೇಳಬೇಕು.

ನಿವೃತ್ತ_ಏರ್‌ಮನ್
ಸಿಸ್ಟರ್ ಹೇಳಿದ್ದನ್ನೇ ಗಗನಯಾತ್ರಿಗಳೂ ಮಾಡುತ್ತಾರೆ. ಇಳಿಯುವ ಮುಂಚೆ ಉಪ್ಪಿನ ಮಾತ್ರೆ ನುಂಗಿ ಚೆನ್ನಾಗಿ ನೀರು ಕುಡಿಯುತ್ತಾರೆ, ಕಾಲಿಗೆ ಬಿಗಿಯಾದ ಉಡುಪು ಹಾಕುತ್ತಾರೆ, ಹೆಚ್ಚುಕಡಿಮೆ ಮಲಗಿದ ಭಂಗಿಯಲ್ಲೇ ಇಳಿಯುತ್ತಾರೆ.

ರಾತ್ರಿಪಾಳಿ_ಡಾಕ್ಟರ್
ಅದಕ್ಕೆ ಫಲವೂ ಇದೆ. ಸುಮಾರು ಆರು ತಿಂಗಳು ಇದ್ದು ಬಂದ 12 ಜನರನ್ನು 2019ರಲ್ಲಿ ವರದಿ ಮಾಡಿದರು. ಮೇಲೆ ಕಟ್ಟುನಿಟ್ಟಾದ ವ್ಯಾಯಾಮ, ಇಳಿದ ದಿನ ಸಲೈನ್. ಇಳಿದ ನಂತರದ ದಿನಚರಿಯಲ್ಲಿ ಒಬ್ಬರೂ ತಲೆ ತಿರುಗಿ ಬೀಳಲಿಲ್ಲ. ಸ್ಟ್ರೆಚರ್ ಅಂದರೆ ಕಾಯಿಲೆ ಅಂತಲ್ಲ, ಅದು ಮುನ್ನೆಚ್ಚರಿಕೆ. ಆದರೆ ಉಪ್ಪಿನ ಮಾತ್ರೆ ನಿಮ್ಮಮ್ಮನಿಗಲ್ಲ, ಬಿಪಿ ಇರುವವರಿಗೆ ಅದು ಬೇಡ.

ತುಂಗಾತೀರ
ನಾಲ್ಕು ದಿನದ ನಂತರ ಬರೆಯುತ್ತಿದ್ದೇನೆ. ಸಿಸ್ಟರ್ ಊಹಿಸಿದ್ದು ನಿಜ. ಕೇಳಿದಾಗ ಅಮ್ಮ ಮೊದಲು ಮಾತಾಡಲಿಲ್ಲ. ಆಮೇಲೆ "ನಿಂಗೆ ಎಷ್ಟು ಸಲ ಅಂತ ಕಷ್ಟ ಕೊಡ್ಲಿ" ಅಂದರು. ದಿನಕ್ಕೆ ಮೂರು ಲೋಟ ಮಾತ್ರ ಕುಡಿಯುತ್ತಿದ್ದರಂತೆ. ನನಗೆ ಗೊತ್ತೇ ಆಗಿರಲಿಲ್ಲ. ಡಾಕ್ಟ್ರು ಬಿಪಿ ಮಾತ್ರೆ ಅರ್ಧ ಮಾಡಿದ್ದಾರೆ. ಹಿಮೋಗ್ಲೋಬಿನ್ 10.2 ಬಂದಿದೆ, ಅದಕ್ಕೂ ಔಷಧಿ ಕೊಟ್ಟಿದ್ದಾರೆ.

ಇವತ್ತು ಬೆಳಗ್ಗೆ ಮಲಗಿದ್ದಾಗ ಬಿಪಿ 128, ಕಾಲು ಇಳಿಬಿಟ್ಟು ಕೂತಾಗ 118. ಹತ್ತು ನಿಮಿಷ ಕೂತಿದ್ದರು. ತಲೆ ಸುತ್ತಲಿಲ್ಲ. ಪಾದ ಆಡಿಸುತ್ತಾ ಸ್ಕಾಟ್ ಕೆಲ್ಲಿಯ ಕಥೆ ಇನ್ನೊಂದು ಸಲ ಹೇಳಿಸಿಕೊಂಡರು. ನಾಳೆ ನಿಲ್ಲಿಸುತ್ತೇವೆ.

ವಾರ್ಡ್_ಸಿಸ್ಟರ್
ಎರಡೂ ಕಡೆ ಒಬ್ಬೊಬ್ಬರು ಇರಿ ಅಣ್ಣ. ಹಿಂದೆ ಕುರ್ಚಿ ಹಾಕಿರಿ. ತಿಂಡಿ ಆದ ತಕ್ಷಣ ಬೇಡ, ಒಂದು ಗಂಟೆ ಬಿಟ್ಟು ನಿಲ್ಲಿಸಿ.